ಬ್ಯಾಟರಿ ಅಕ್ಕನ ನೆಲಮಾಳಿಗೆ

ಆ ಕಟ್ಟಡದ ಅರವತ್ತಮೂರು ಜನರಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದವರು ಐದಾರು ಮಂದಿ ಇದ್ದರೆ ಹೆಚ್ಚು. ಉಳಿದವರಿಗೆಲ್ಲ ಅವಳು ಬ್ಯಾಟರಿ ಅಕ್ಕ. ಊರಿನ ಹಳೆಯ ಟಾಕೀಸಿನಲ್ಲಿ ಮೂವತ್ತೊಂದು ವರ್ಷ, ದಿನಕ್ಕೆ ನಾಲ್ಕು ಆಟ, ಕೈಯಲ್ಲಿ ಬ್ಯಾಟರಿ ಹಿಡಿದು ಕತ್ತಲಲ್ಲಿ ಜನರಿಗೆ ಸೀಟು ತೋರಿಸಿದವಳು ಅವಳು. ಗಂಡ ಅದೇ ಟಾಕೀಸಿನ ಆಪರೇಟರ್. ಮೇಲಿನ ಗೂಡಿನಲ್ಲಿ ಕೂತು ಅವನು ಪರದೆಗೆ ಬೆಳಕು ಬಿಡುತ್ತಿದ್ದ. ಮದುವೆಯಾಗಿ ಎಷ್ಟೋ ವರ್ಷ ಇಬ್ಬರೂ ಒಂದೇ ಸಿನಿಮಾವನ್ನು ನೂರು ಸಲ ನೋಡಿದ್ದರು, ಒಂದು ಸಲವೂ ಪಕ್ಕಪಕ್ಕ ಕೂತು ನೋಡಿರಲಿಲ್ಲ.

ಕತ್ತಲಲ್ಲಿ ಜನ ಹೇಗೆ ನಡೆಯುತ್ತಾರೆ ಅನ್ನುವುದು ಅವಳಿಗೆ ಅಂಗೈ ನೆಲ್ಲಿಕಾಯಿ. ಬೆಳಕನ್ನು ಮುಖಕ್ಕೆ ಹಿಡಿದರೆ ಮನುಷ್ಯ ಕುರುಡನಾಗುತ್ತಾನೆ, ಕಾಲಿಗೆ ಹಿಡಿದರೆ ನಡೆಯುತ್ತಾನೆ. ಹೆದರಿದವನು ಹತ್ತಿರದ ಬಾಗಿಲು ಬಿಟ್ಟು ತಾನು ಒಳಗೆ ಬಂದ ಬಾಗಿಲಿಗೇ ಓಡುತ್ತಾನೆ. ಕೂಗಿದರೆ ಯಾರೂ ಕೇಳುವುದಿಲ್ಲ, ಮೆಲ್ಲಗೆ ಹೇಳಿದರೆ ಎಲ್ಲರೂ ಕೇಳುತ್ತಾರೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಒಂದು ಮಧ್ಯಾಹ್ನದ ಆಟದಲ್ಲಿ, ಟಾಕೀಸು ತುಂಬಿ ತುಳುಕುತ್ತಿದ್ದಾಗ, ಗಂಡನ ಗೂಡಿನಿಂದ ಹೊಗೆ ಬರತೊಡಗಿತು. ಮ್ಯಾನೇಜರ್ ಬಾಗಿಲಲ್ಲಿ ನಿಂತು "ಬೆಂಕಿ" ಎಂದು ಕೂಗಲು ಬಾಯಿ ತೆರೆದಿದ್ದ. ಅಕ್ಕ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಹಿಂದಿನ ಸಾಲಿಗೆ ಹೋಗಿ, "ಯಂತ್ರ ಕೆಟ್ಟಿದೆ, ಹಿಂದಿನ ಸಾಲಿನವರು ಮೊದಲು ಏಳಿ, ಎಡಗಡೆ ಬಾಗಿಲು" ಎಂದು ಬಸ್ಸಿನ ಕಂಡಕ್ಟರ್ ಸ್ಟಾಪು ಹೇಳುವ ಹಾಗೆ ಹೇಳುತ್ತ ಬಂದಳು. ನಾನೂರ ಹನ್ನೆರಡು ಜನ ಏಳು ನಿಮಿಷದಲ್ಲಿ ಹೊರಗಿದ್ದರು. ಕಳೆದದ್ದು ಒಂದು ಎಡಗಾಲಿನ ಚಪ್ಪಲಿ. ಮರುದಿನ ಮ್ಯಾನೇಜರ್ ಅವಳಿಗೆ ಬೈದ, ಬಾಯಿಗೆ ಕೈ ಹಿಡಿದದ್ದಕ್ಕೆ.

ನಿವೃತ್ತಳಾಗಿ ಮೂರು ವರ್ಷ ಕಳೆದಿತ್ತು, ಆಗ ಗಡಿಯಲ್ಲಿ ಯುದ್ಧ ಶುರುವಾಯಿತು.

ಮೊದಲು ಅದು ರೇಡಿಯೋದೊಳಗಿನ ಯುದ್ಧ. ಆಮೇಲೆ ರೈಲು ತಡವಾಗತೊಡಗಿತು, ಅಂಗಡಿಗಳಲ್ಲಿ ಮೇಣದಬತ್ತಿ ಸಿಗದಾಯಿತು, ಉತ್ತರದ ಊರುಗಳಿಂದ ಹಾಸಿಗೆ ಸುತ್ತಿಕೊಂಡು ಜನ ಬರತೊಡಗಿದರು. ಬಸ್ ಡ್ರೈವರ್ ಆಗಿದ್ದ ಅವಳ ಮಗನನ್ನು ಅಂಥ ಜನರನ್ನು ಕರೆತರುವ ಕೆಲಸಕ್ಕೆ ಹಾಕಿದರು. ಅವನು ವಾರಕ್ಕೊಮ್ಮೆ ಮನೆಗೆ ಬಂದು ಸ್ನಾನ ಮಾಡಿ ಹೋಗುತ್ತಿದ್ದ, ಕಂಡದ್ದನ್ನು ಹೇಳುತ್ತಿರಲಿಲ್ಲ. ಮನೆಯಲ್ಲಿ ಉಳಿದವರು ಅಕ್ಕ, ಆಪರೇಟರ್, ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಸೊಸೆ ಮತ್ತು ಆರು ವರ್ಷದ ಮೊಮ್ಮಗಳು.

ಒಂದು ದಿನ ನಗರಸಭೆಯವರು ಕಟ್ಟಡದ ಬಾಗಿಲಿಗೆ ನೋಟೀಸು ಅಂಟಿಸಿ ಹೋದರು. ಪ್ರತಿ ಕಟ್ಟಡದವರೂ ನೆಲಮಾಳಿಗೆಯನ್ನು ಆಶ್ರಯಕ್ಕೆ ಸಿದ್ಧ ಮಾಡಿಕೊಳ್ಳಬೇಕು ಎಂದಿತ್ತು, ಕೆಳಗೆ ಸಣ್ಣಕ್ಷರದಲ್ಲಿ ಉದ್ದುದ್ದ ಸೂಚನೆಗಳಿದ್ದವು. ಸಂಜೆಯೊಳಗೆ ಯಾರೋ ಅದರ ಅಂಚಿನಲ್ಲಿ "ಸೈಕಲ್ ಮಾರಾಟಕ್ಕಿದೆ" ಎಂದು ಬರೆದಿದ್ದರು. ಅಕ್ಕ ಕನ್ನಡಕ ಹಾಕಿಕೊಂಡು ನೋಟೀಸನ್ನು ಮೊದಲಿಂದ ಕೊನೆಯವರೆಗೆ ಎರಡು ಸಲ ಓದಿ, ಬೀಗದ ಕೈ ಇಸಕೊಂಡು ಕೆಳಗಿಳಿದಳು. ನೆಲಮಾಳಿಗೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುರಿದ ಮಂಚ, ಚಕ್ರವಿಲ್ಲದ ತಳ್ಳುಗಾಡಿ, ಅರ್ಧ ಖಾಲಿಯಾದ ಬಣ್ಣದ ಡಬ್ಬಗಳು, ಸೀಮೆಎಣ್ಣೆ ಕ್ಯಾನು. "ಬಾಂಬು ಬೇಕಾಗಿಲ್ಲ, ಒಂದು ಬೆಂಕಿಕಡ್ಡಿ ಸಾಕು" ಎಂದುಕೊಂಡು ಮೇಲೆ ಬಂದಳು.

ಊಟದ ಹೊತ್ತಿಗೆ ಆಪರೇಟರ್ ಹೇಳಿದ, "ಯುದ್ಧ ಮಾಡೋರು ದೊಡ್ಡೋರು. ನಮ್ಮಂಥೋರು ಏನು ಮಾಡೋಕಾಗುತ್ತೆ ಹೇಳು."

"ನಿಲ್ಲಿಸೋಕಾಗಲ್ಲ ರೀ. ಆದ್ರೆ ಅದು ಬಂದಾಗ ನಾವು ಎಲ್ಲಿ ಕೂತಿರ್ತೀವಿ ಅನ್ನೋದನ್ನ ನಾವೇ ಗೊತ್ತು ಮಾಡ್ಕೋಬಹುದಲ್ಲ."

"ಸೀಟ್ ನಂಬರ್ ಕೊಡ್ತೀಯಾ ಹಾಗಿದ್ರೆ."

"ಕೊಡ್ತೀನಿ" ಎಂದಳು. ಅವಳು ತಮಾಷೆಗೆ ಹೇಳಿರಲಿಲ್ಲ.

ಕಟ್ಟಡದ ಸಂಘಕ್ಕೆ ಮೂರನೇ ಮಹಡಿಯ ಮೇಷ್ಟ್ರು ಅಧ್ಯಕ್ಷರು. ಭೂಗೋಳ ಕಲಿಸಿ ನಿವೃತ್ತರಾದವರು. ಮನೆಯ ಗೋಡೆಗೆ ದೊಡ್ಡ ಭೂಪಟ ತೂಗುಹಾಕಿ, ಗಡಿ ಎಲ್ಲಿ, ನಾವೆಲ್ಲಿ, ನಡುವೆ ನದಿ ಎಷ್ಟು, ಬೆಟ್ಟ ಎಷ್ಟು ಎಂದು ಬಂದವರಿಗೆಲ್ಲ ಕೋಲು ಹಿಡಿದು ತೋರಿಸುತ್ತಿದ್ದರು. ಅವರ ಹೆಂಡತಿಗೆ ಎರಡು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು ಬಲಗಾಲು ಬಿದ್ದುಹೋಗಿತ್ತು. ಅಂದಿನಿಂದ ಆ ತಾಯಿ ಮೂರನೇ ಮಹಡಿಯಿಂದ ಕೆಳಗಿಳಿದಿರಲಿಲ್ಲ.

ಅಕ್ಕ ಹೋಗಿ ನೆಲಮಾಳಿಗೆಯ ಮಾತೆತ್ತಿದಾಗ ಮೇಷ್ಟ್ರು ನಕ್ಕರು. "ನೋಡಮ್ಮ, ಗಡಿ ಇರೋದು ಇಲ್ಲಿ. ನಾವಿರೋದು ಇಲ್ಲಿ. ಇಷ್ಟು ದೂರ ಬರೋಷ್ಟರಲ್ಲಿ ಯುದ್ಧ ಮುಗಿದಿರುತ್ತೆ. ಸುಮ್ಮನೆ ಜನರನ್ನ ಹೆದರಿಸಬೇಡಿ."

"ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡೋಕೆ ಹೊರಡಬೇಕಾ ಮೇಷ್ಟ್ರೇ?"

"ಗಾದೆ ಹೇಳಿದ ಮಾತ್ರಕ್ಕೆ ಭೂಗೋಳ ಬದಲಾಗಲ್ಲ" ಎಂದರು ಮೇಷ್ಟ್ರು. ಆದರೆ ಸಾಮಾನು ತೆಗೆಯುವುದಕ್ಕೆ ಅಡ್ಡಿ ಮಾಡಲಿಲ್ಲ. ಹೇಗೂ ನೆಲಮಾಳಿಗೆ ಗಲೀಜಾಗಿತ್ತು.

ಮೊದಲ ಭಾನುವಾರ ಅಕ್ಕನ ಜೊತೆ ಇಳಿದವರು ಇಬ್ಬರೇ, ಸೊಸೆ ಮತ್ತು ಎರಡನೇ ಮಹಡಿಯ ವೆಲ್ಡರ್. ವೆಲ್ಡರ್ ಬಂದದ್ದೂ ತನ್ನ ಹಳೆಯ ಸುತ್ತಿಗೆ ಅಲ್ಲೆಲ್ಲೋ ಇದೆ ಎಂದು. ಮೂರನೇ ಭಾನುವಾರಕ್ಕೆ ಹದಿನೇಳು ಜನರಾಗಿದ್ದರು. ಅಕ್ಕ ಯಾರಿಗೂ ಬುದ್ಧಿ ಹೇಳಲಿಲ್ಲ, ಒಬ್ಬೊಬ್ಬರಿಗೂ ಒಂದೊಂದು ಕೆಲಸ ಕೊಟ್ಟಳು. ಗ್ಯಾಸಿನ ದೊಡ್ಡ ಕವಾಟ ಮುಚ್ಚುವುದು, ಕರೆಂಟಿನ ಮೇನ್ ಸ್ವಿಚ್ ಇಳಿಸುವುದು ವೆಲ್ಡರ್‌ನ ಹೊಣೆ. ಸೊಸೆ ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಪಟ್ಟಿ, ಹತ್ತಿ, ಟಿಂಚರ್, ರಕ್ತ ನಿಲ್ಲಿಸಲು ಬಿಗಿಯುವ ಪಟ್ಟಿ ಎಲ್ಲ ಜೋಡಿಸಿ, ರಕ್ತದೊತ್ತಡದ್ದು, ಸಕ್ಕರೆ ಕಾಯಿಲೆಯದ್ದು ಎಂದು ಮನೆಮನೆಯವರ ಮಾತ್ರೆ ಎರಡು ವಾರಕ್ಕಾಗುವಷ್ಟು ತೆಗೆದಿಡಿಸಿದಳು. ನೀರು ತಲೆಗೆ ದಿನಕ್ಕೆ ನಾಲ್ಕು ಲೀಟರಿನ ಲೆಕ್ಕದಲ್ಲಿ ಮುಚ್ಚಳವಿರುವ ಡ್ರಮ್ಮುಗಳಲ್ಲಿ ತುಂಬಿತು. ಒಂದು ಮೂಲೆಗೆ ಪರದೆ ಕಟ್ಟಿ, ಬಕೆಟ್ಟು ಮತ್ತು ಸುಣ್ಣದ ಪುಡಿ ಇಟ್ಟರು. ಅದನ್ನು ನೋಡಿ ಆಪರೇಟರ್, "ಬಾಲ್ಕನಿ ಟಿಕೆಟ್ಟಿಗೂ ಇದೇ ಪಾಯಿಖಾನೆನಾ" ಎಂದು ಕೇಳಿದ. ನಗು ಬಂತು. ಅವತ್ತಿನಿಂದ ಜನಕ್ಕೆ ಆ ನೆಲಮಾಳಿಗೆಯ ಹೆದರಿಕೆ ಹೋಯಿತು.

ಬಾಗಿಲಿನ ಹತ್ತಿರ ಅಕ್ಕ ಒಂದು ಸ್ಲೇಟು ತೂಗುಹಾಕಿದಳು. ಕಟ್ಟಡದಿಂದ ಹೊರಗೆ ಹೋಗುವವರು ತಮ್ಮ ಮನೆಯ ನಂಬರು ಬರೆದು ಹೋಗಬೇಕು, ವಾಪಸು ಬಂದಾಗ ಅಳಿಸಬೇಕು. ಇಲ್ಲದವರನ್ನು ಹುಡುಕುತ್ತ ಇದ್ದವರು ಸಾಯಬಾರದು, ಅದಕ್ಕೆ. ಮಕ್ಕಳ ಅಂಗಿಯ ಒಳಗೆ ಹೆಸರು, ರಕ್ತದ ಗುಂಪು, ದೂರದ ಊರಿನಲ್ಲಿರುವ ಒಬ್ಬ ನೆಂಟರ ಫೋನ್ ನಂಬರು ಬರೆದ ಬಟ್ಟೆ ತುಂಡನ್ನು ಹೊಲಿಸಿದಳು. ಮೊಮ್ಮಗಳ ಅಂಗಿಗೆ ಹೊಲಿಯುವಾಗ ಸೊಸೆಯ ಕೈ ನಿಂತುಹೋಯಿತು.

"ಇದನ್ನ ಯಾವಾಗ ಓದ್ತಾರೆ ಅತ್ತೆ?" ಎಂದಳು.

ಅಕ್ಕ ಸೂಜಿಯನ್ನು ತಾನು ತೆಗೆದುಕೊಂಡಳು. "ಓದೋ ಹಾಗೆ ಆಗಬಾರದು ಅಂತಾನೇ ಉಳಿದದ್ದೆಲ್ಲ ಮಾಡ್ತಿರೋದು" ಎಂದು ಹೇಳಿ ಹೊಲಿಗೆ ಮುಗಿಸಿದಳು.

ದೊಡ್ಡ ಜಗಳ ನಡೆದದ್ದು ಎರಡನೇ ಬಾಗಿಲಿನ ವಿಷಯಕ್ಕೆ. ನೆಲಮಾಳಿಗೆಗೆ ಇದ್ದದ್ದು ಒಂದೇ ದಾರಿ, ಮೆಟ್ಟಿಲು. ಹಿಂದಿನ ಗೋಡೆಯಲ್ಲಿ ಪಕ್ಕದ ಕಟ್ಟಡದ ನೆಲಮಾಳಿಗೆಗೆ ಹೋಗುವ ಹಳೆಯ ಬಾಗಿಲೊಂದಿತ್ತು, ಯಾವ ಕಾಲದಲ್ಲೋ ಇಟ್ಟಿಗೆ ತುಂಬಿ ಮುಚ್ಚಿದ್ದರು. ಅಕ್ಕ ಒಬ್ಬ ಗಾರೆ ಕೆಲಸದವನನ್ನು ಕರೆಸಿ ತೋರಿಸಿದಳು. ಮೇಲಿನ ತೊಲೆ ಗಟ್ಟಿಯಾಗಿದೆ, ನಡುವಿನ ಇಟ್ಟಿಗೆ ತೆಗೆದರೆ ತೊಂದರೆಯಿಲ್ಲ ಎಂದು ಅವನು ಹೇಳಿದ. ಮೇಷ್ಟ್ರು ಮಾತ್ರ ಕೆಂಡಾಮಂಡಲವಾದರು.

"ಕಳ್ಳರಿಗೆ ನಾವೇ ಬಾಗಿಲು ತೆಗೆದು ಕೊಟ್ಟ ಹಾಗಾಗುತ್ತೆ. ಆ ಕಟ್ಟಡದಲ್ಲಿ ಎಂಥೆಂಥ ಜನ ಇದಾರೋ ಯಾರಿಗೆ ಗೊತ್ತು."

"ಒಂದೇ ಬಾಗಿಲಿದ್ರೆ ಟಾಕೀಸಿಗೆ ಲೈಸೆನ್ಸೇ ಕೊಡಲ್ಲ ಮೇಷ್ಟ್ರೇ" ಎಂದಳು ಅಕ್ಕ. "ಮೆಟ್ಟಿಲ ಮೇಲೆ ಗೋಡೆ ಬಿತ್ತು ಅಂದ್ಕೊಳ್ಳಿ. ಆಮೇಲೆ ಒಳಗಿರೋದು ಆಶ್ರಯ ಅಲ್ಲ, ಗುಂಡಿ."

ಸಭೆಯಲ್ಲಿ ಕೈ ಎತ್ತಿಸಿದರು. ಹದಿಮೂರು ಮನೆಯವರು ಅಕ್ಕನ ಕಡೆ, ಐದು ಮನೆಯವರು ಮೇಷ್ಟ್ರ ಕಡೆ. ಪಕ್ಕದ ಕಟ್ಟಡದವರನ್ನೂ ಒಪ್ಪಿಸಿ ಇಟ್ಟಿಗೆ ತೆಗೆದು, ಎರಡೂ ಕಡೆಯಿಂದ ತೆರೆಯಬಹುದಾದ ಕಬ್ಬಿಣದ ಬಾಗಿಲನ್ನು ವೆಲ್ಡರ್ ಕೂರಿಸಿದ. ಎಲ್ಲರೂ ಸೇರಿ ಕೆಳಗಿಳಿದು ನೋಡುವ ಅಭ್ಯಾಸ ಶುರುವಾದಾಗ ಮೇಷ್ಟ್ರು ಒಂದಕ್ಕೂ ಬರಲಿಲ್ಲ. ಸ್ಲೇಟಿನಲ್ಲೂ ಬರೆಯಲಿಲ್ಲ.

ಅವರ ಹೆಂಡತಿಯೇ ಒಂದು ದಿನ ಕಿಟಕಿಯಿಂದ ಅಕ್ಕನನ್ನು ಕರೆದರು. "ಇವರು ಬೆಳಗ್ಗೆ ಆರೂವರೆಗೆ ವಾಕಿಂಗ್ ಹೋಗ್ತಾರೆ, ಏಳೂಕಾಲಿಗೆ ಬರ್ತಾರೆ" ಎಂದು ಮೆಲ್ಲಗೆ ಹೇಳಿದರು. "ಆ ಹೊತ್ತಲ್ಲಿ ನನ್ನ ಕೆಳಗಿಳಿಸೋಕೆ ಆಗುತ್ತಾ ನೋಡಿ. ಇವರಿಗೆ ಗೊತ್ತಾಗೋದು ಬೇಡ, ಸುಮ್ನೆ ರಂಪ."

ಆಪರೇಟರ್ ಒಂದು ಬೆತ್ತದ ಕುರ್ಚಿಯ ಎರಡು ಪಕ್ಕಕ್ಕೂ ಬಿದಿರಿನ ಗಳು ಕಟ್ಟಿ, ಸೊಂಟಕ್ಕೆ ಬಿಗಿಯಲು ಟಾಕೀಸಿನ ಹಳೆಯ ಪರದೆಯ ಪಟ್ಟಿ ಹೊಲಿದ. ವೆಲ್ಡರ್ ಮುಂದೆ, ಪಕ್ಕದ ಮನೆಯ ಕ್ಷೌರದವನು ಹಿಂದೆ. ಮೊದಲ ಸಲ ಆ ತಾಯಿ ಕಣ್ಣು ಮುಚ್ಚಿಕೊಂಡು ಹಲ್ಲು ಕಚ್ಚಿಕೊಂಡಿದ್ದರು, ಇಳಿಯಲು ಆರು ನಿಮಿಷ ಹಿಡಿಯಿತು. ನಾಲ್ಕನೇ ಸಲ ಎರಡು ನಿಮಿಷ. ಆ ಮೊದಲ ಸಲ ಕೆಳಗೆ ತಲುಪಿದಾಗ ಅವರು ಎರಡು ವರ್ಷದ ನಂತರ ಅಂಗಳದ ನೆಲ ನೋಡಿದರು. "ಇಲ್ಲೊಂದು ಗುಲಾಬಿ ಗಿಡ ಇತ್ತಲ್ಲ" ಎಂದು ಕೇಳಿದರು. ಗಿಡ ಹೋಗಿ ವರ್ಷವಾಗಿತ್ತು.

ಕಟ್ಟಡದಲ್ಲಿ ಅಕ್ಕನ ಮಾತು ಕಿವಿಗೆ ಹಾಕಿಕೊಳ್ಳದೆ ಉಳಿದವನು ಇನ್ನೊಬ್ಬನಿದ್ದ, ಐದನೇ ಮಹಡಿಯಲ್ಲಿ ಒಂಟಿಯಾಗಿದ್ದ ವಾಚು ರಿಪೇರಿಯವನು. ಅಕ್ಕ ಮೂರು ಸಲ ಬಾಗಿಲು ಬಡಿದಳು. ಮೂರನೇ ಸಲ ಅವನು ಬಾಗಿಲು ಪೂರ್ತಿ ತೆಗೆಯಲೂ ಇಲ್ಲ. "ಹೋಗೋ ಜೀವ ಎಲ್ಲಿದ್ರೂ ಹೋಗುತ್ತೆ ಬಿಡು ಅಕ್ಕ" ಎಂದ. "ಕೆಳಗೆ ಬರದಿದ್ರೆ ಬಿಡು. ಸೈರನ್ ಕೂಗಿದಾಗ ಕಿಟಕಿ ಹತ್ತಿರ ನಿಲ್ಲಬೇಡ. ಹೊರಗಿಗೂ ನಿನಗೂ ನಡುವೆ ಎರಡು ಗೋಡೆ ಇರೋ ಹಾಗೆ ನೋಡ್ಕೋ, ಬಚ್ಚಲಲ್ಲಾದ್ರೂ ಕೂತ್ಕೋ" ಎಂದು ಅಕ್ಕ ಬಾಗಿಲ ಸಂದಿಗೆ ಹೇಳಿ ಬಂದಳು. ನಾಲ್ಕನೇ ಸಲ ಹೋಗಲಿಲ್ಲ. ಅದೊಂದನ್ನು ಅವಳು ಆಮೇಲೂ ಮರೆಯಲಿಲ್ಲ.

ಒಂದು ಬುಧವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಸೈರನ್ ಕೂಗಿತು.

ಅಕ್ಕ ಕಾಯಿಪಲ್ಲೆ ಹೆಚ್ಚುತ್ತಿದ್ದಳು. ಚಾಕು ಕೆಳಗಿಟ್ಟಳು, ಒಲೆ ಆರಿಸಿದಳು, ಬ್ಯಾಟರಿ ತೆಗೆದುಕೊಂಡಳು. ಸೊಸೆಗೆ ಅವತ್ತು ಮಧ್ಯಾಹ್ನದ ಪಾಳಿ, ಹಾಗಾಗಿ ಮನೆಯಲ್ಲಿದ್ದಳು. ಅವಳು ಮಗುವನ್ನೂ ಔಷಧಿ ಪೆಟ್ಟಿಗೆಯನ್ನೂ ಹಿಡಿದು ಮುಂದೆ ಹೋದಳು. ಅಕ್ಕ ಮೆಟ್ಟಿಲ ತಿರುವಿನಲ್ಲಿ ನಿಂತಳು. ಮೇಲಿನಿಂದ ಜನ ಧಡಧಡ ಇಳಿಯುತ್ತಿದ್ದರು. ಅವಳು ಬೆಳಕನ್ನು ಮೆಟ್ಟಿಲಂಚಿಗೆ ಹಿಡಿದು, "ಗೋಡೆ ಪಕ್ಕ ಬನ್ನಿ, ಒಬ್ಬರ ಹಿಂದೆ ಒಬ್ಬರು, ಜಾಗ ಬೇಕಾದಷ್ಟಿದೆ" ಎಂದು ಮೆಲುದನಿಯಲ್ಲಿ ಹೇಳುತ್ತಲೇ ಇದ್ದಳು. ಧಡಧಡ ಸದ್ದು ನಿಧಾನವಾಗಿ ಹೆಜ್ಜೆಯ ಸದ್ದಾಯಿತು.

ಕೆಳಗೆ ಹೋಗಿ ಕಟ್ಟಡದವರ ಹೆಸರಿನ ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಕರೆದಳು. ಐವತ್ತೆಂಟು ಜನ. ಸ್ಲೇಟಿನಲ್ಲಿ ಮೂರು ನಂಬರು, ಅವರು ಹೊರಗಿದ್ದಾರೆ. ವಾಚಿನವನು ಬಂದಿಲ್ಲ. ಮೇಷ್ಟ್ರು ಇಲ್ಲ.

"ಬ್ರೆಡ್ ತರೋಕೆ ಹೋಗಿದಾರೆ" ಎಂದರು ಮೇಷ್ಟ್ರ ಹೆಂಡತಿ. ಅವರು ಬೆತ್ತದ ಕುರ್ಚಿಯಲ್ಲಿ, ಒಳಗೋಡೆಯ ಪಕ್ಕದ ತಮ್ಮ ಜಾಗದಲ್ಲಿ ಕೂತಿದ್ದರು. "ಸ್ಲೇಟಲ್ಲಿ ಬರೆದಿರಲ್ಲ, ನನಗೆ ಗೊತ್ತು."

ಮೇಷ್ಟ್ರು ಆಗ ಮೂರು ಬೀದಿ ಆಚೆ ಇದ್ದರು. ಸಾಲಿನಲ್ಲಿದ್ದವರೆಲ್ಲ ಅಂಗಡಿಯ ಒಳಕೋಣೆಗೆ ನುಗ್ಗಿದರಂತೆ, ಇವರನ್ನೂ ಎಳೆದರಂತೆ. ಇವರು ಕೈ ಕೊಸರಿಕೊಂಡು ಓಡಿದರು. ಎಪ್ಪತ್ತು ದಾಟಿದ ಕಾಲುಗಳು ಹೇಗೆ ಓಡಿದವೋ, ಆಮೇಲೆ ಅವರಿಗೇ ಗೊತ್ತಿರಲಿಲ್ಲ. ಮೂರು ಮಹಡಿ ಹತ್ತಿ ನೋಡಿದರೆ ಬಾಗಿಲು ತೆರೆದಿದೆ, ಹಾಸಿಗೆ ಖಾಲಿ. ಮತ್ತೆ ಕೆಳಗಿಳಿದು, ನೆಲಮಾಳಿಗೆಯ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತರು.

"ಅವಳಿಲ್ಲ" ಎಂದರು. "ಅವಳು ಮನೇಲಿಲ್ಲ."

ಒಳಗಿನಿಂದ ಹೆಂಡತಿಯ ಮಾತು ಬಂತು. "ಇಲ್ಲಿದೀನಿ ರೀ. ಬಾಗಿಲಲ್ಲಿ ನಿಲ್ಲಬೇಡಿ, ದಾರಿಗೆ ಅಡ್ಡ."

ಮೇಷ್ಟ್ರು ನೋಡಿದರು. ಬೆತ್ತದ ಕುರ್ಚಿ, ಸೊಂಟಕ್ಕೆ ಕೆಂಪು ಪರದೆಯ ಪಟ್ಟಿ, ಕೈಯಲ್ಲಿ ನೀರಿನ ಲೋಟ.

"ನೀನು ಹೇಗೆ..."

"ನಾಲ್ಕು ಸಲ ಇಳಿದಿದ್ದೀನಿ. ನೀವು ವಾಕಿಂಗ್ ಹೋದಾಗ."

ಮೇಷ್ಟ್ರು ಒಳಗೆ ಬಂದು ಕುರ್ಚಿಯ ಬಳಿ ನೆಲದ ಮೇಲೆ ಕೂತರು. ಹೆಂಡತಿಯ ಬಿದ್ದುಹೋದ ಬಲಗಾಲಿನ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು, ಅಷ್ಟೇ. ಅಕ್ಕ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಗುರುತು ಹಾಕಿದಳು.

ಐದು ನಿಮಿಷ ಕಳೆದಿರಬಹುದು, ನೆಲ ಎದ್ದು ಕೂತಂತಾಯಿತು. ಸದ್ದು ಕಿವಿಗೆ ಬರುವ ಮೊದಲೇ ಎದೆಗೆ ಬಂತು. ಛಾವಣಿಯಿಂದ ಸುಣ್ಣ ಉದುರಿತು, ಮಕ್ಕಳು ಚೀರಿದವು. ಶೆಲ್ ಬೀದಿಯ ಮೂಲೆಗೆ ಬಿದ್ದಿತ್ತು. ಒಂದೆರಡು ನಿಮಿಷಕ್ಕೆ ಜನರಿಗೆ ಬಾಯಿ ಬಂತು. ಏನಾಯಿತು ನೋಡಿಬರುತ್ತೇವೆ ಎಂದು ನಾಲ್ಕೈದು ಗಂಡಸರು ಎದ್ದರು. ಒಬ್ಬ ಮೊಬೈಲ್ ಹಿಡಿದು, ಎಲ್ಲಿ ಬಿತ್ತು ಅಂತ ವಿಡಿಯೋ ಹಾಕುತ್ತೇನೆ ಎಂದ.

ಅಕ್ಕ ಮೆಟ್ಟಿಲಿಗೆ ಅಡ್ಡ ನಿಂತಳು. ಐದಡಿ ಹೆಂಗಸು. "ಫೋನ್ ಒಳಗಿಡಪ್ಪ. ಎಲ್ಲಿ ಬಿತ್ತು ಅಂತ ಹಾಕಿದ್ರೆ, ಹೊಡೆದವರಿಗೆ ಮುಂದಿನದಕ್ಕೆ ಗುರಿ ಹೇಳಿಕೊಟ್ಟ ಹಾಗೆ. ಇನ್ನು ನೀವು ಕೂತ್ಕೊಳ್ಳಿ. ಮೊದಲನೆಯದು ನೋಡೋಕೆ ಬಂದವರಿಗೇ ಎರಡನೆಯದು. ಎಲ್ಲ ಮುಗೀತು ಅನ್ನೋ ಸೈರನ್ ಕೂಗೋವರೆಗೂ ಯಾರೂ ಏಳೋ ಹಾಗಿಲ್ಲ."

"ಅಕ್ಕ, ನನ್ನ ಅಂಗಡಿ ಅಲ್ಲಿದೆ" ಎಂದ ಕ್ಷೌರದವನು.

"ಅಂಗಡಿಗೆ ಇನ್ನೊಂದು ಕನ್ನಡಿ ಹಾಕಿಸಬಹುದು. ಕೂತ್ಕೋ ತಮ್ಮ."

ಅವನು ಕೂತ. ಮಿಕ್ಕವರೂ ಕೂತರು. ಎರಡನೆಯದು ಹನ್ನೊಂದು ನಿಮಿಷದ ಮೇಲೆ, ಕಟ್ಟಡದ ಎದುರಿಗೇ ಬಿತ್ತು. ಮೆಟ್ಟಿಲ ಕಿಟಕಿಗಳ ಗಾಜೆಲ್ಲ ಒಂದೇ ಸಲಕ್ಕೆ ಕೆಳಗೆ ಸುರಿಯಿತು. ಆ ನಾಲ್ಕೈದು ಜನ ಹೊರಟಿದ್ದ ದಾರಿ ಅದೇ. ಕ್ಷೌರದವನು ಅಕ್ಕನ ಕಡೆ ನೋಡಿ ತಲೆ ತಗ್ಗಿಸಿದ.

ಆಗಲೇ ಎರಡನೇ ಬಾಗಿಲು ಬಡಿದ ಸದ್ದು. ಆ ಬಾಗಿಲಿನಿಂದ ತಾವು ಹೊರಗೆ ಹೋಗಬೇಕಾಗಬಹುದು ಎಂದೇ ಎಲ್ಲರೂ ಅಂದುಕೊಂಡಿದ್ದರು. ಆ ಕಡೆಯಿಂದ ಯಾರಾದರೂ ಬರುತ್ತಾರೆ ಎಂದು ಅಕ್ಕನೂ ಎಣಿಸಿರಲಿಲ್ಲ. ವೆಲ್ಡರ್ ಬಾಗಿಲು ತೆಗೆದ. ಎತ್ತರದ ಹೊಸ್ತಿಲಿನ ಆಚೆ ಪಕ್ಕದ ಕಟ್ಟಡದವರು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು. ಅಲ್ಲಿ ದೊಡ್ಡ ಪೈಪು ಒಡೆದು ನೆಲಮಾಳಿಗೆ ತುಂಬುತ್ತಿತ್ತು. ಮೇಲೆ ಹೋಗಲು ಹೆದರಿಕೆ, ಕೆಳಗೆ ಇರಲು ಜಾಗವಿಲ್ಲ. ನಲವತ್ತೇಳು ಜನ, ಅವರಲ್ಲಿ ಎದೆಹಾಲು ಕುಡಿಯುವ ಕೂಸೊಂದು.

"ಇಷ್ಟು ಜನಕ್ಕೆ ಎಲ್ಲಿ ಜಾಗ" ಎಂದು ಯಾರೋ ಗೊಣಗಿದರು.

"ಹೌಸ್‌ಫುಲ್ ಬೋರ್ಡು ಹಾಕೋಕೆ ಇದೇನು ಟಾಕೀಸಾ" ಎಂದಳು ಅಕ್ಕ. ಬ್ಯಾಟರಿ ಹಿಡಿದು ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಒಳಗೆ ಕರೆದು ಕೂರಿಸಿದಳು. ಮಕ್ಕಳಿದ್ದವರು ಒಳಗೋಡೆಗೆ, ಮುದುಕರು ಬೆಂಚಿಗೆ, ಉಳಿದವರು ಮೊಣಕಾಲು ಮಡಿಸಿ. ಮೇಷ್ಟ್ರು ಎದ್ದು ತಮ್ಮ ಜಾಗ ಬಿಟ್ಟುಕೊಟ್ಟರು. ಆಮೇಲೆ ಅಕ್ಕನ ಕೈಯಿಂದ ಪಟ್ಟಿ ತೆಗೆದುಕೊಂಡು, "ನೀವು ಕೂರಿಸಿ, ನಾನು ಬರ್ಕೊಳ್ತೀನಿ" ಎಂದು ಬಂದವರ ಹೆಸರುಗಳನ್ನೆಲ್ಲ ತಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡರು. ಒಟ್ಟು ನೂರ ಆರು. ಒಬ್ಬರಿಗೂ ಗೀರು ಗಾಯವಾಗಿರಲಿಲ್ಲ.

ಮಧ್ಯಾಹ್ನ ಒಂದೂವರೆಗೆ ಎಲ್ಲ ಮುಗಿದ ಸೈರನ್ ಕೂಗಿತು. ಸೊಸೆ ಮತ್ತು ವೆಲ್ಡರ್ ದಪ್ಪ ತಳದ ಬೂಟು ಹಾಕಿಕೊಂಡು ಐದನೇ ಮಹಡಿಗೆ ಹತ್ತಿದರು. ವಾಚಿನವನು ಕಿಟಕಿಯ ಕೆಳಗೆ ಗೋಡೆಗೊರಗಿ ಕೂತಿದ್ದ. ಮುಖದ ತುಂಬ ಗಾಜು. ಸೊಸೆ ಕಣ್ಣಿನ ಗಾಜಿಗೆ ಕೈ ಹಚ್ಚಲಿಲ್ಲ. ಒಂದು ಕಾಗದದ ಲೋಟ ಮುಚ್ಚಿ ಅದರ ಮೇಲಿಂದ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ಅದೇ ಬೆತ್ತದ ಕುರ್ಚಿಯಲ್ಲಿ ಕೆಳಗಿಳಿಸಿದಳು. ಅಂಬುಲೆನ್ಸಿಗೆ ಕಾಯುವಾಗ ಅವನು ಅಕ್ಕನ ದನಿ ಕೇಳಿ, "ಸುಮ್ನೆ ಏನು ಅಂತ ನೋಡೋಣ ಅಂತ ನಿಂತೆ" ಎಂದ. ಬಲಗಣ್ಣು ಉಳಿಯಿತು, ಎಡಗಣ್ಣು ಹೋಯಿತು. ಅವತ್ತು ಮಧ್ಯಾಹ್ನ ಇಡೀ ಕಟ್ಟಡ ಅಕ್ಕನನ್ನು ಹೊಗಳುತ್ತಿದ್ದಾಗ ಅವಳು ಅಂಗಳದ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ಆಪರೇಟರ್ ಬಂದು ಪಕ್ಕದಲ್ಲಿ ಕೂತ. "ನಾಲ್ಕನೇ ಸಲ ಬಡೀಬೇಕಿತ್ತು ರೀ" ಎಂದಳು. ಅವನು ಅವಳ ಸೆರಗಿನ ಮೇಲಿನ ಸುಣ್ಣದ ಪುಡಿ ಕೊಡವಿದ.

ಆಮೇಲಿನ ಐದು ವಾರ ದಿನಕ್ಕೆ ಎರಡು ಸಲ, ಮೂರು ಸಲ ಇಳಿಯುವುದು ಹತ್ತುವುದೇ ಬದುಕಾಯಿತು. ಜಗಳಗಳೂ ಬಂದವು. ಚಳಿ ಜೋರಾದ ದಿನ ಪಕ್ಕದ ಕಟ್ಟಡದವರೊಬ್ಬರು ಇದ್ದಿಲ ಒಲೆ ತಂದರು. ಟೀ ಅಂದರೆ ಪ್ರಾಣ ಬಿಡುವ ಆಪರೇಟರ್ ಆಗಲೇ ಪಾತ್ರೆ ಹಿಡಿದು ಹತ್ತಿರ ಕೂತಿದ್ದ. ಅಕ್ಕ ಒಲೆಯನ್ನೇ ಎತ್ತಿ ಹೊರಗಿಟ್ಟಳು.

"ಏನೇ ಇದು, ಒಂದು ಲೋಟ ಟೀಗೂ ಕಲ್ಲು ಹಾಕ್ತೀಯಲ್ಲ" ಎಂದು ಅವನು ಎಲ್ಲರ ಎದುರು ರೇಗಿದ.

"ಮುಚ್ಚಿದ ಕೋಣೆಯಲ್ಲಿ ಇದ್ದಿಲ ವಿಷಗಾಳಿ ಬಣ್ಣ ತೋರಿಸಲ್ಲ, ವಾಸನೆ ಬರಲ್ಲ. ನಿದ್ದೆ ಬಂದ ಹಾಗೆ ಬರುತ್ತೆ ರೀ. ಎಬ್ಬಿಸೋಕೆ ಯಾರೂ ಎಚ್ಚರ ಇರಲ್ಲ. ಕಂಬಳಿ ಹೊದ್ಕೊಳ್ಳಿ."

ಅವನು ಎರಡು ದಿನ ಮಾತು ಬಿಟ್ಟ. ಮೂರನೇ ದಿನ, ಶೆಲ್ ದಾಳಿ ನಿಂತ ಹೊತ್ತಿನಲ್ಲಿ, ನೆಲಮಹಡಿಯ ಮನೆಯಲ್ಲಿ ದೊಡ್ಡ ಪಾತ್ರೆಯಲ್ಲಿ ಟೀ ಕಾಯಿಸಿ ಫ್ಲಾಸ್ಕುಗಳಿಗೆ ತುಂಬುವ ಕೆಲಸವನ್ನು ಅಕ್ಕ ಅವನಿಗೇ ಒಪ್ಪಿಸಿದಳು. ಅಲ್ಲಿಗೆ ಮಾತು ಬಂತು.

ಇನ್ನೊಂದು ದಿನ ಹಿಂದಿನ ಅಂಗಳದಲ್ಲಿ, ಬಟ್ಟೆ ಒಣಗಿಸುವ ಕಂಬದ ಹತ್ತಿರ, ರೆಕ್ಕೆಯಿರುವ ಕಬ್ಬಿಣದ ತುಂಡೊಂದು ಮಣ್ಣಿನಲ್ಲಿ ಅರ್ಧ ಹೂತು ಕೂತಿತ್ತು. ಸಿಡಿದಿರಲಿಲ್ಲ. ಮಕ್ಕಳು ನೋಡುವ ಮೊದಲೇ ಅಕ್ಕ ನೋಡಿದಳು. ಹತ್ತಿರ ಹೋಗಲಿಲ್ಲ, ಕಲ್ಲು ಎಸೆಯಲಿಲ್ಲ, ಅಲ್ಲಿ ಫೋನ್ ಕೂಡ ತೆಗೆಯಲಿಲ್ಲ. ಬಂದ ಹೆಜ್ಜೆಯಲ್ಲೇ ಹಿಂದೆ ಬಂದು, ದೂರದಲ್ಲಿ ಹಗ್ಗ ಕಟ್ಟಿ, ಅಂಗಳದ ಕಡೆಯ ಮನೆಗಳನ್ನೆಲ್ಲ ಖಾಲಿ ಮಾಡಿಸಿ, ಆಮೇಲೆ ಬೀದಿಗೆ ಹೋಗಿ ಸೇನೆಯವರಿಗೆ ತಿಳಿಸಿದಳು. ಅವರು ಬರುವ ತನಕ ಬೀದಿಯ ತಿರುವಿನಲ್ಲಿ, ಗೋಡೆಯ ಮರೆಗೆ ಕುರ್ಚಿ ಹಾಕಿಕೊಂಡು ಕಾವಲು ಕೂತಳು. ಬಂದ ಅಧಿಕಾರಿ ಚಿಕ್ಕ ವಯಸ್ಸಿನವನು. ಹಗ್ಗ ನೋಡಿದ, ಖಾಲಿ ಮನೆಗಳನ್ನು ನೋಡಿದ.

"ಯಾರು ಹೇಳಿಕೊಟ್ಟಿದ್ದು ಅಮ್ಮ ನಿಮಗೆ?" ಎಂದು ಕೇಳಿದ.

"ನಗರಸಭೆ ನೋಟೀಸಲ್ಲೇ ಇತ್ತಲ್ಲಪ್ಪ" ಎಂದಳು ಅಕ್ಕ.

ಅವನು ಆ ನೋಟೀಸು ಪೂರ್ತಿ ಓದಿದವರನ್ನು ನೋಡುತ್ತಿರುವುದು ಇದೇ ಮೊದಲು ಎಂದು ನಕ್ಕ. ನಗರಸಭೆಗೆ ಅವಳ ವಿಳಾಸ ಕೊಟ್ಟವನೂ ಅವನೇ.

ಹಾಗೆ ಅಕ್ಕ ಬೇರೆ ಕಟ್ಟಡಗಳಿಗೆ ಹೋಗಲು ಶುರು ಮಾಡಿದಳು. ಜೊತೆಗೆ ಮೇಷ್ಟ್ರು. ಪ್ರತಿ ಕಟ್ಟಡದ ನಕ್ಷೆ ಬರೆಯುವುದು, ಹೆಸರಿನ ಪಟ್ಟಿ ಮಾಡುವುದು ಅವರ ಕೆಲಸ. ಹೆಂಡತಿಯೇ ಅವರನ್ನು ಹೊರಡಿಸುತ್ತಿದ್ದರು. "ಮನೇಲಿ ಕೂತು ಭೂಪಟಕ್ಕೆ ಕೋಲು ತೋರಿಸಿದ್ದು ಸಾಕು" ಎಂದು. ಹೊರಡುವಾಗ ಮೇಷ್ಟ್ರು ಸ್ಲೇಟಿನಲ್ಲಿ ಮನೆಯ ನಂಬರಿನ ಜೊತೆಗೆ ಹೋಗುವ ಜಾಗ, ಬರುವ ಹೊತ್ತು ಎಲ್ಲ ಬರೆದು, ಕೆಳಗೆ ಗೆರೆ ಎಳೆಯುತ್ತಿದ್ದರು. ಯಾವ ಕಟ್ಟಡಕ್ಕೆ ಹೋದರೂ ಅಕ್ಕ ಮೊದಲು ಕೇಳುತ್ತಿದ್ದದ್ದು, "ಇಲ್ಲಿ ಯಾರು ಬರಲ್ಲ ಅಂತಿದಾರೆ? ಅವರ ಮನೆ ತೋರಿಸಿ" ಎಂದು. ಅವರ ಬಾಗಿಲನ್ನು ಅವಳು ಎಷ್ಟು ಸಲ ಬೇಕಾದರೂ ಬಡಿಯುತ್ತಿದ್ದಳು. ಬೈಸಿಕೊಂಡದ್ದುಂಟು, ಒಮ್ಮೆ ತಲೆಯ ಮೇಲೆ ನೀರು ಸುರಿಸಿಕೊಂಡದ್ದೂ ಉಂಟು. ಕದನ ವಿರಾಮ ಬರುವಷ್ಟರಲ್ಲಿ ಮೂವತ್ತೆರಡು ಕಟ್ಟಡಗಳಾಗಿದ್ದವು. ಅಲ್ಲೆಲ್ಲ ಮನೆಗಳು ಬಿದ್ದವು, ಗೋಡೆಗಳು ಬಿದ್ದವು. ನೆಲಮಾಳಿಗೆಗೆ ಇಳಿದವರಲ್ಲಿ ಒಬ್ಬರೂ ಸಾಯಲಿಲ್ಲ.

ಅಕ್ಕನ ಮಗ ಬಸ್ಸಿನ ಸಮೇತ ಮನೆಗೆ ಬಂದ. ಬಸ್ಸಿನ ಒಂದು ಪಕ್ಕದ ತಗಡು ಜರಡಿಯಾಗಿತ್ತು. ಅವನು ಸ್ನಾನ ಮಾಡಿ, ತಾಯಿಯ ಎದುರು ಊಟಕ್ಕೆ ಕೂತು, ಇಷ್ಟು ದಿನ ಹೇಳದೆ ಇದ್ದದ್ದನ್ನು ಹೇಳಿದ. ದಾರಿಯಲ್ಲಿ ಎರಡು ಸಲ ವಿಮಾನದ ಸದ್ದು ಕೇಳಿ ಬಸ್ಸು ನಿಲ್ಲಿಸಿ ಜನರನ್ನು ಚರಂಡಿಯಲ್ಲಿ ಮಲಗಿಸಿದ್ದನಂತೆ. "ಎಲ್ಲರೂ ಒಂದೇ ಬಾಗಿಲಿಗೆ ನುಗ್ಗಿದ್ರು ಅಮ್ಮ. ನಾನು ಹಿಂದಿನ ಸೀಟಿನ ಹತ್ತಿರ ಹೋಗಿ ಮೆಲ್ಲಗೆ ಹೇಳೋಕೆ ಶುರು ಮಾಡಿದೆ. ನೀನು ಹೇಳೋ ಹಾಗೇ." ಅಕ್ಕ ಮಗನ ತಟ್ಟೆಗೆ ಇನ್ನಷ್ಟು ಬಡಿಸಿದಳು. ಅವಳ ಮುಖ ನೋಡಿದ ಸೊಸೆ ಆಪರೇಟರ್‌ಗೆ ಕಣ್ಣಲ್ಲೇ ತೋರಿಸಿದಳು. ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು ಅಕ್ಕ, ಸನ್ಮಾನಕ್ಕೆ ಕೂತವರ ಹಾಗೆ.

ಕದನ ವಿರಾಮ ಬಂದರೂ ಕೆಲಸ ನಿಲ್ಲಲಿಲ್ಲ, ವಿರಾಮ ಅಂದರೆ ವಿರಾಮ ತಾನೆ. ಕಳೆದ ತಿಂಗಳು ಒಂದು ಬನಿಯನ್ ಕಾರ್ಖಾನೆಯವರು ಕರೆದಿದ್ದರು. ಒಂದು ಪಾಳಿಗೆ ನಾನೂರು ಹೆಂಗಸರು, ಮೂರು ಸಾಲು ಹೊಲಿಗೆ ಯಂತ್ರ, ಬಾಗಿಲಿನ ಮುಂದೆ ಬಟ್ಟೆಯ ಮೂಟೆಗಳ ಗೋಡೆ. ಮ್ಯಾನೇಜರ್ ಗಡಿಯಾರ ನೋಡಿಕೊಂಡು, "ಹತ್ತು ನಿಮಿಷದಲ್ಲಿ ಮುಗಿಸಿಬಿಡಿ ಅಮ್ಮ, ಉತ್ಪಾದನೆಗೆ ತೊಂದರೆ ಆಗುತ್ತೆ" ಎಂದ. ಅಕ್ಕ ಆಗಲಿ ಎಂದಳು. ಭಾಷಣ ಮಾಡಲಿಲ್ಲ. "ಈಗ ಎಲ್ಲರೂ ಅಂಗಳಕ್ಕೆ ಹೋಗಿ" ಎಂದಷ್ಟೇ ಹೇಳಿ ಪಕ್ಕಕ್ಕೆ ನಿಂತಳು. ನಾನೂರು ಜನರೂ ಮುಂಬಾಗಿಲಿಗೆ ಹೋಗಿ ಮೂಟೆಗಳ ನಡುವೆ ಸಿಕ್ಕಿಕೊಂಡರು. ಹೊರಗೆ ಹೋಗಲು ಹದಿನಾಲ್ಕು ನಿಮಿಷ ಬೇಕಾಯಿತು. ಮ್ಯಾನೇಜರ್ ಬೆವರು ಒರೆಸಿಕೊಂಡು, ತಾನೇ ಮೊದಲ ಮೂಟೆಗೆ ಕೈ ಹಾಕಿದ.

ಮೂಟೆ ಸರಿಸಿದರು, ಹಿಂದಿನ ಬಾಗಿಲಿನ ತುಕ್ಕು ಹಿಡಿದ ಬೀಗ ಒಡೆದರು. ಸಾಲಿಗೊಬ್ಬಳನ್ನು ಅಕ್ಕ ಮುಂದಾಳಾಗಿ ಆರಿಸಿದಳು. ಜೋರು ಬಾಯಿಯವರನ್ನು ಬಿಟ್ಟು, ಮೆಲ್ಲಗೆ ಮಾತಾಡುವವರನ್ನು. ಮೇಷ್ಟ್ರು ಹೆಸರು ಬರೆದುಕೊಂಡರು. ಬರೆದ ಮೇಲೆ ಕಾರ್ಖಾನೆ ಯಾವ ದಿಕ್ಕಿಗಿದೆ, ಗಾಳಿ ಯಾವ ಕಡೆಯಿಂದ ಎಂದು ವಿವರಿಸಲು ಹೊರಟರು. ಅಕ್ಕ ಅವರ ಅಂಗಿಯ ತೋಳು ಎಳೆದಳು. ನಾಲ್ಕನೇ ಸಲಕ್ಕೆ ನಾನೂರು ಜನ ಐದು ನಿಮಿಷದಲ್ಲಿ ಅಂಗಳದಲ್ಲಿದ್ದರು, ಸಾಲು ಸಾಲಾಗಿ, ಒಬ್ಬರನ್ನೊಬ್ಬರು ಎಣಿಸುತ್ತ, ನಗುತ್ತ. ಅಷ್ಟು ಹೊತ್ತಿಗೆ ಗೇಟಿನ ಹೊರಗೆ ಎರಡನೇ ಪಾಳಿಯವರು ಬಂದು ನಿಂತು, ಇದೇನು ನಡೆಯುತ್ತಿದೆ ಎಂದು ಇಣುಕಿ ನೋಡುತ್ತಿದ್ದರು.

ಮ್ಯಾನೇಜರ್ ಅಕ್ಕನ ಹತ್ತಿರ ಬಂದ. "ಅವರಿಗೂ ಇವತ್ತೇ ಮಾಡಿಸಿಬಿಡ್ತೀರಾ ಅಮ್ಮ?" ಎಂದು ಕೇಳಿದ.

"ಕರೀರಿ ಒಳಗೆ" ಎಂದಳು ಅಕ್ಕ.